ಭೋಜನ್ ಎಣ್ಣೆ ಬಿಟ್ಟ ರೈಲು

1999ರ ನವೆಂಬರ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಊಟಿಯ ಫರ್ನ್‌ಹಿಲ್ಲಿನ ಒಂದು ಮನೆಯಲ್ಲಿ ಭೋಜನ್ ಮಂಡಿಯೂರಿ ಕುಳಿತು, ಎರಡಂಗುಲ ಎತ್ತರದ ರೈಲಿಗೆ ಎಣ್ಣೆ ಬಿಡುತ್ತಿದ್ದ.

ಅದು ಇಂಗ್ಲೆಂಡಿನ ಡೀಸೆಲ್ ಪ್ಯಾಸೆಂಜರ್ ಗಾಡಿಯ ಮಾದರಿ. ಎರಡು ಹಸಿರು ಬೋಗಿ, ಒಂದರ ಹೊಟ್ಟೆಯಲ್ಲಿ ಮೋಟಾರು. ಅದನ್ನು ಅಲ್ಲಿಂದ ಕಳಿಸಿದವನು ಅಂಥದ್ದೇ ಗಾಡಿ ಓಡಿಸಿ ನಿವೃತ್ತನಾದ ಇಂಗ್ಲಿಷಿನವನು. ಒಮ್ಮೆ ಊಟಿಗೆ ಬಂದಾಗ, ಈ ಮನೆಯ ಯಜಮಾನರಾದ ಡ್ರೈವರ್ ರಂಗನಾಥನ್ ಅವರ ಉಗಿ ಎಂಜಿನ್ನಿನಲ್ಲಿ ನಿಂತು ಬೆಟ್ಟ ಹತ್ತಿದ್ದ. ರಂಗನಾಥನ್ ಈಗ ಮಂಚ ಬಿಟ್ಟು ಏಳುತ್ತಿರಲಿಲ್ಲ. ಕಲ್ಲಿದ್ದಲ ಹೊಗೆ ಶ್ವಾಸಕೋಶವನ್ನು ತಿಂದುಹಾಕಿತ್ತು. ಗಾಡಿ ಓಡುವುದನ್ನು ಒಮ್ಮೆ ನೋಡಬೇಕೆಂದು ಭೋಜನನನ್ನು ಕುನ್ನೂರಿನಿಂದ ಕರೆಸಿದ್ದರು.

ಭೋಜನ್ ಮೂವತ್ತೊಂದು ವರ್ಷ ಕುನ್ನೂರು ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವನು. ಅವನು ಕೀಲುಕೀಲಿಗೂ ಕೈಯಾರೆ ಎಣ್ಣೆ ಬಿಟ್ಟು 'ಆಯ್ತಣ್ಣ' ಎನ್ನುವವರೆಗೆ ರಂಗನಾಥನ್ ಎಂಜಿನ್ನನ್ನು ಕದಲಿಸುತ್ತಿರಲಿಲ್ಲ. ಇಂದೂ ಹಾಗೆಯೇ, ಮಂಚದ ಮೇಲೆ ಸ್ವಿಚ್ಚಿನ ಗುಂಡಿ ಹಿಡಿದು ಕಾಯುತ್ತಿದ್ದರು.

"ಆಯ್ತಣ್ಣ."

ಗುಂಡಿ ತಿರುಗಿತು. ಗಾಡಿ ಒಮ್ಮೆ ಮುಲುಗಿ ನಿಂತುಬಿಟ್ಟಿತು.

"ಏನೋ ಭೋಜಾ, ನೀರು ತುಂಬಿಸೋಕೆ ರನ್ನಿಮೇಡು ಸ್ಟೇಷನ್ನಲ್ಲಿ ನಿಂತ ಹಾಗಾಯ್ತಲ್ಲ. ಇದಕ್ಕೂ ನೀರು ಬೇಕಾ?"

"ನಗಬೇಡಿ ಅಣ್ಣ, ಕೆಮ್ಮು ಬರುತ್ತೆ. ಮನೇಲಿ ಬಿಚ್ಚಿ ನೋಡ್ತೀನಿ."

ಬಿಚ್ಚಿದಾಗ ತಿಳಿಯಿತು. ಉಗಿ ಎಂಜಿನ್ನಿಗೆ ಎಣ್ಣೆ ಜೀವ. ಇಲ್ಲಿ ಕರೆಂಟು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ ಹರಿಯಬೇಕು. ಅವನು ಬಿಟ್ಟ ದಪ್ಪ ಎಣ್ಣೆ ಆ ದಾರಿಯನ್ನೇ ಮುಚ್ಚಿತ್ತು, ಮೋಟಾರಿನೊಳಕ್ಕೂ ಇಳಿದಿತ್ತು. ರೈಲು ಬಂದಿದ್ದ ಡಬ್ಬದ ತಳದ ಇಂಗ್ಲಿಷ್ ಚೀಟಿಯನ್ನು ಒಬ್ಬರಿಂದ ಓದಿಸಿದ. ಕಾರ್ಖಾನೆಯಲ್ಲೇ ಎಣ್ಣೆ ಹಾಕಲಾಗಿದೆ, ಹಳಿಯ ಮೇಲಿಟ್ಟರೆ ಸಾಕು, ಎಂದಿತ್ತು.

ನಾಲ್ಕು ದಿನ ಸ್ಪಿರಿಟ್ಟಿನಲ್ಲಿ ಒರೆಸಿದ, ಒಣಗಿಸಿದ, ಮತ್ತೆ ಒರೆಸಿದ. ಗುರುವಾರ ಸಂಜೆ ಗಾಡಿ ಅವನ ಮೇಜಿನ ಮೇಲೆ ತಡೆಯಿಲ್ಲದೆ ಸುತ್ತಿತು.

ಶುಕ್ರವಾರ ಮೊದಲ ಬಸ್ಸಿಗೆ ಹೊರಟ. ಫರ್ನ್‌ಹಿಲ್ಲಿನ ಆ ಮನೆಯ ಮುಂದೆ ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಬೆಳಗಿನ ಜಾವ ರಂಗನಾಥನ್ ಅವರ ಉಸಿರು ನಿಂತಿತ್ತಂತೆ.

ಹದಿನಾರನೆಯ ದಿನದ ಕರ್ಮ ಕಳೆದ ಮೇಲೆ ಭೋಜನ್ ರೈಲು ಒಪ್ಪಿಸಲು ಹೋದ. ರಂಗನಾಥನ್ ಹೆಂಡತಿ ರಾಜಾಮಣಿಯ ಮುಂದೆ ನಡೆದದ್ದನ್ನು ಮುಚ್ಚಿಡದೆ ಹೇಳಿದ.

"ಎಣ್ಣೆ ಬಿಡದೆ ಇದ್ದಿದ್ರೆ ಅವತ್ತೇ ಓಡ್ತಿತ್ತಕ್ಕಾ."

"ಬಿಡದೆ ಇದ್ದಿದ್ರೆ ಅವರು ಗುಂಡೀನೇ ತಿರುಗಿಸ್ತಿರಲಿಲ್ಲ. ನೀನು ಕಾಪಿ ಕುಡಿ," ಎಂದಳು ಆಕೆ.

ಭೋಜನ್ ಕುಡಿದ. ಆದರೆ ಆ ಮಾತು ಅವನಿಗೆ ಸಮಾಧಾನ ತರಲಿಲ್ಲ. ಆ ಭಾನುವಾರ ಅವನು ಎಣ್ಣೆಯ ಡಬ್ಬಿ ತೆರೆದಾಗ, ಶೆಡ್ಡಿನಲ್ಲಿ ಎಂದೂ ಅವಸರ ಮಾಡದ ರಂಗನಾಥನ್ ಮಂಚದಿಂದ, "ಎಷ್ಟು ಹೊತ್ತಾಗುತ್ತೋ?" ಎಂದು ಕೇಳಿದ್ದರು. ಅವನು ತಲೆ ಎತ್ತದೆಯೇ ಹೇಳಿದ್ದ: "ಎರಡು ನಿಮಿಷ."