ಮಾತಿನಮಲ್ಲನ ಹೆಬ್ಬೆರಳು

ಆ ಬೀದಿಯ ಕಟಿಂಗ್ ಶಾಪಿನವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಜನ ಕರೆಯುತ್ತಿದ್ದದ್ದು ಮಾತಿನಮಲ್ಲ ಅಂತ. ಕತ್ತರಿ ನಿಂತರೂ ನಿಲ್ಲಬಹುದು, ಅವನ ಬಾಯಿ ನಿಲ್ಲುವುದುಂಟೇ! ಯಾರ ಮನೆ ಅಳಿಯ ಮುನಿಸಿಕೊಂಡ, ಯಾರ ಬಾಡಿಗೆದಾರ ಹೇಳದೇ ಕೇಳದೇ ಮನೆ ಖಾಲಿ ಮಾಡಿದ, ಎಲ್ಲಾ ಸುದ್ದಿಯೂ ಸೋಪಿನ ನೊರೆಯ ಜೊತೆಗೇ ಗಿರಾಕಿಯ ಕೆನ್ನೆಗೆ ಹತ್ತುತ್ತಿತ್ತು. ಅಲ್ಲಿ ಮಿಕ್ಕಿದ್ದು ಸಂಜೆ ಹೆಂಡತಿಯ ಕಿವಿಗೆ.

ಇಂಥವನು ಇದ್ದಕ್ಕಿದ್ದಂತೆ ಬಾಯಿಗೆ ಬೀಗ ಹಾಕಿಕೊಂಡು ಕೂತ ಅಂದರೆ ಜನ ಗಾಬರಿಯಾಗದೇ ಇರುತ್ತಾರಾ?

ಆಗಿದ್ದು ಇಷ್ಟು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಂಡತಿ ಬಸುರಿಯಾಗಿದ್ದಳು. ಮೊದಲ ತಪಾಸಣೆಗೆ ಹೋದಾಗ ನರ್ಸಮ್ಮ ರಕ್ತ ತೆಗೆಯುತ್ತಾ, "ಸಕ್ಕರೆ, ರಕ್ತದ ಗುಂಪು, ಎಚ್‌ಐವಿ, ಎಲ್ಲಾ ನೋಡ್ತೀವಮ್ಮ. ಬಸುರಿಯರಿಗೆಲ್ಲ ಮಾಡೋದೇ ಇದು, ಒಪ್ಪಿಗೆ ತಾನೇ? ಮುಂದಿನ ವಾರ ಯಜಮಾನರನ್ನೂ ಕರ್ಕೊಂಡು ಬನ್ನಿ, ಅವರದೂ ನೋಡಿ ಇಬ್ಬರಿಗೂ ಒಟ್ಟಿಗೇ ಹೇಳ್ತೀವಿ" ಅಂದಿದ್ದರು. ಅವಳು ಬಂದು ಹಾಗೇ ಒಪ್ಪಿಸಿದಳು. ಮಾತಿನಮಲ್ಲ ತನ್ನ ಎಡಗೈ ಹೆಬ್ಬೆರಳು ನೋಡಿಕೊಂಡ.

ಆ ಬೆರಳಿನ ಮೇಲೆ ಗಾಯದ ಗೆರೆಗಳಿಗೆ ಲೆಕ್ಕವಿಲ್ಲ. ಮಾತಿನ ಭರದಲ್ಲಿ ಗಿರಾಕಿಯ ಕೆನ್ನೆ ಕೊಯ್ದು, ಅದೇ ಬ್ಲೇಡು ಒರೆಸುವಾಗ ತನ್ನ ಬೆರಳನ್ನೂ ಕೊಯ್ದುಕೊಂಡದ್ದು ಒಂದು ಸಲವಾ ಎರಡು ಸಲವಾ! ಅಷ್ಟು ಜನರಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದಿದ್ದರೆ? ತನ್ನಿಂದ ಅವಳಿಗೆ, ಅವಳಿಂದ ಮಗುವಿಗೆ... ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ, ಪುಣ್ಯಾತ್ಮ. ಬದಲಿಗೆ ತನಗೆ ಬೇರೆ ತಟ್ಟೆ, ಬೇರೆ ಲೋಟ ಮಾಡಿಕೊಂಡ. "ನನ್ನ ಗೊರಕೆಗೆ ನಿನ್ನ ನಿದ್ದೆ ಕೆಡುತ್ತೆ" ಅಂತ ಹಾಸಿಗೆ ಸುತ್ತಿಕೊಂಡು ಹೊರಕೋಣೆ ಸೇರಿದ. ಊರವರ ತಲೆಯನ್ನೆಲ್ಲ ನೋಡಿಕೊಳ್ಳುವವನಿಗೆ ತನ್ನ ತಲೆ ಓಡಲಿಲ್ಲ ನೋಡಿ!

ಹೆಂಡತಿ ಆ ತಟ್ಟೆಯನ್ನು ನೋಡಿದಳು, ಸುತ್ತಿದ ಹಾಸಿಗೆಯನ್ನೂ ನೋಡಿದಳು.

ಆಸ್ಪತ್ರೆಗೆ ಹೋಗುವ ದಿನ ಮಾತಿನಮಲ್ಲ ಸುಡುಬಿಸಿಲಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಹೊರಟ. ರಕ್ತಪರೀಕ್ಷೆ ಕೋಣೆಯ ಮುಂದೆ ಗಿರಾಕಿಗಳು ನೋಡಿಬಿಟ್ಟರೆ ಆಮೇಲೆ ಯಾರು ಕುತ್ತಿಗೆ ಕೊಡುತ್ತಾರೆ? ಹೋಗಿ ನೋಡಿದರೆ ವರಾಂಡದಲ್ಲಿ ಗಂಡಂದಿರ ಸಾಲು. ಒಬ್ಬ ಹೆಲ್ಮೆಟ್ ತೆಗೆದಿಲ್ಲ, ಒಬ್ಬ ಮುಖಕ್ಕೆ ಟವೆಲ್ ಸುತ್ತಿದ್ದಾನೆ, ಒಬ್ಬ ಗೋಡೆಗೆ ಮುಖ ಮಾಡಿ ಪೇಪರಿನೊಳಗೆ ಹೊಕ್ಕಿದ್ದಾನೆ. ಆದರೆ ಮುಖ ಮುಚ್ಚಿ ಏನು ಪ್ರಯೋಜನ? ಇವನು ಜೀವಮಾನವೆಲ್ಲ ಜನರನ್ನು ಹಿಂದಿನಿಂದ ನೋಡಿದವನು. ಪೇಪರಿನವನ ನೆತ್ತಿಯ ಎರಡು ಸುಳಿ ದಿನಸಿ ಅಂಗಡಿಯವನದು. ಟವೆಲಿನ ಕೆಳಗೆ ಇಣುಕುತ್ತಿದ್ದ ಕತ್ತಿನ ನರುಲಿ ಡ್ರಾಯಿಂಗ್ ಮೇಷ್ಟ್ರದು. ಹೆಲ್ಮೆಟ್ಟಿನ ಕೆಳಗೆ ಕಂಡ ಸೊಟ್ಟ ಕಟಿಂಗ್ ಅಂತೂ ತನ್ನದೇ ಕೈಕೆಲಸ.

ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? "ಅಯ್ಯೋ ಮೇಷ್ಟ್ರೇ, ನೀವೂನಾ!" ಅಂತ ಬಾಯಿ ಜಾರಿಯೇಬಿಟ್ಟಿತು.

"ಮೆಲ್ಲಗೆ ಮಾತಾಡೋ!" ಟವೆಲಿನೊಳಗಿಂದ ಮೇಷ್ಟ್ರು ಗದರಿದರು. "ಮೊದಲು ಆ ಟೋಪಿ ತೆಗಿ, ತಲೆ ತಿರುಗಿ ಬೀಳ್ತೀಯ. ಬಸುರಿ ನೀನೋ ನಿನ್ನ ಹೆಂಡ್ತಿಯೋ?"

ಹೆಲ್ಮೆಟ್ ಕಿಸಕ್ಕೆಂದಿತು. ಹೆಂಗಸರ ಬೆಂಚಿನ ತುಂಬ ನಗು ಹರಿಯಿತು. ಮಾತಿನಮಲ್ಲನ ಹೆಂಡತಿ ಮಾತ್ರ ನಗಲಿಲ್ಲ. ಬ್ಯಾಗನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದು ಕೂತಿದ್ದಳು.

ರಕ್ತ ಕೊಟ್ಟು ಕಾದಿದ್ದಾಯಿತು. ನರ್ಸಮ್ಮ ಇಬ್ಬರನ್ನೂ ಒಳಗೆ ಕರೆದು, "ಇಬ್ಬರಿಗೂ ಏನೂ ಇಲ್ಲ, ಆರಾಮಾಗಿರಿ" ಅಂದರು.

ಮಾತಿನಮಲ್ಲ ಹೆಬ್ಬೆರಳನ್ನು ನರ್ಸಮ್ಮನ ಮುಖದ ಮುಂದೆ ಹಿಡಿದ. ಕಟ್ಟೆ ಒಡೆದಂತೆ ಮಾತು ಬಂತು. "ಬದುಕಿದೆ ನರ್ಸಮ್ಮ! ಈ ಬೆರಳು ಕೊಯ್ಕೊಂಡು ಕೊಯ್ಕೊಂಡು ನಂಗೇ ಬಂದಿರುತ್ತೆ ಅಂತ ಹೆದರಿ, ಅವಳಿಗೆ ತಗುಲದೇ ಇರ್ಲಿ ಅಂತ ಬೇರೆ ತಟ್ಟೆ, ಬೇರೆ ಹಾಸಿಗೆ ಮಾಡ್ಕೊಂಡಿದ್ದೆ. ಅದಕ್ಕೇ ಅವಳು ಬಚಾವಾಗಿದ್ದು, ಅಲ್ವಾ?"

ನರ್ಸಮ್ಮ ಹಣೆ ಚಚ್ಚಿಕೊಂಡರು. "ತಟ್ಟೆ ಲೋಟದಿಂದ ಬರೋ ಕಾಯಿಲೆ ಅಲ್ಲಪ್ಪ ಅದು! ಇದ್ದಿದ್ದರೂ ಮಾತ್ರೆ ಇದೆ. ಬೇಗ ಗೊತ್ತಾದ್ರೆ ಮಗುಗೆ ಬರದ ಹಾಗೆ ನೋಡ್ಕೋಬಹುದು, ಅದಕ್ಕೇ ಅಲ್ವಾ ಈ ಪರೀಕ್ಷೆ? ನೀನು ಒಬ್ಬೊಬ್ಬರಿಗೂ ಹೊಸ ಬ್ಲೇಡು ಹಾಕು, ಅಷ್ಟು ಸಾಕು."

ಹೆಂಡತಿ ಇವನ ಮುಖವನ್ನೇ ನೋಡುತ್ತಿದ್ದಳು. "ಅಂದ್ರೆ ಅನುಮಾನ ನಿಮಗೆ ನಿಮ್ಮ ಮೇಲೇನಾ?"

"ಮತ್ತಿನ್ಯಾರ ಮೇಲೆ ಕಣೇ? ಈ ಹಾಳು ಹೆಬ್ಬೆರಳ ಮೇಲೆ!"

ಅವಳು ಅವನ ಭುಜಕ್ಕೆ ರಪ್ಪನೆ ಹೊಡೆದಳು. ಇನ್ನೊಂದು ಹೊಡೆದಳು. ಆಮೇಲೆ ಅಳು ತಡೆಯಲಾಗಲಿಲ್ಲ. "ನನ್ನ ಮೇಲೆ ಅಂದ್ಕೊಂಡಿದ್ನಲ್ರೀ! ಮಗು ಯಾರದೋ ಅಂತ ನಿಮ್ಮ ಮನಸ್ಸಿಗೆ ಬಂದಿದೆ ಅಂತ... ಊರವರ ಮನೆ ಸುದ್ದಿಯೆಲ್ಲ ಹೇಳೋ ಬಾಯಿಗೆ ಇದೊಂದು ಹೇಳೋಕಾಗ್ಲಿಲ್ವಾ? ಇಲ್ಲಿಂದ ಸೀದಾ ಅಮ್ಮನ ಮನೆಗೆ ಹೋಗ್ಬಿಡೋಣ ಅಂತ ಬಟ್ಟೆ ತುಂಬ್ಕೊಂಡು ಬಂದಿದ್ದೀನಿ."

ಮಾತಿನಮಲ್ಲ ಆ ಬ್ಯಾಗನ್ನು ಅವಳ ಕೈಯಿಂದ ಕಿತ್ತುಕೊಂಡು ಎದೆಗವುಚಿಕೊಂಡ. ಮನೆ ಸೇರುವವರೆಗೂ ವಾಪಸ್ ಕೊಡಲಿಲ್ಲ.