ಮಣ್ಣೊಳಗಿನ ಗೋಡೆ ನೋಡಲು ಬಂದವರು

ಕೊಲ್ಲಿ ದೇಶದ ಬೌಷರ್‌ನಲ್ಲಿ ದೊಡ್ಡ ಕಟ್ಟಡವೊಂದರ ನೆಲಮಾಳಿಗೆಗಾಗಿ ನಾವು ಮಣ್ಣೊಳಗೇ ಕಾಂಕ್ರೀಟ್ ಗೋಡೆ ಕಟ್ಟುತ್ತಿದ್ದ ಕಾಲ. ವಿಜಯಪುರದ ಕಡೆಯವನಾದ ನಾನು ಹೊಸ ಸೈಟ್ ಎಂಜಿನಿಯರ್. ನಮ್ಮ ಫೋರ್‌ಮನ್ ಉಡುಪಿಯವರು, ಕೊಂಕಣಿ ಮನೆಮಾತಿನ ಹಿರಿಯರು. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ.

ಆ ಕೆಲಸವೇ ಕನಸಿನ ಹಾಗೆ. ಕಿರಿದಾದ, ಆಳವಾದ ಕಂದಕ ತೋಡುತ್ತೇವೆ. ಅಂಚು ಕುಸಿಯದಿರಲೆಂದು ಅದರ ತುಂಬ ಮಂದವಾದ ಜೇಡಿನೀರು ನಿಲ್ಲಿಸುತ್ತೇವೆ. ಕಬ್ಬಿಣದ ಪಂಜರ ಅದರೊಳಗೆ ಮೆಲ್ಲಗೆ ಮುಳುಗಿ ಕಾಣೆಯಾಗುತ್ತದೆ. ಆಮೇಲೆ ಉದ್ದನೆಯ ಪೈಪನ್ನು ತಳದವರೆಗೆ ಇಳಿಸಿ ಕಾಂಕ್ರೀಟ್ ಸುರಿಯುತ್ತೇವೆ. ಅದು ಕೆಳಗಿನಿಂದ ಏರುತ್ತ ಬಂದಂತೆ ಜೇಡಿನೀರು ಮೇಲಕ್ಕೆ ಉಕ್ಕುತ್ತದೆ. ಪೈಪನ್ನೂ ಸ್ವಲ್ಪ ಸ್ವಲ್ಪವೇ ಎತ್ತುತ್ತೇವೆ, ಅದರ ಬಾಯಿ ಮಾತ್ರ ಕಾಂಕ್ರೀಟಿನಲ್ಲಿ ಹೂತೇ ಇರಬೇಕು. ಒಳಗೇನಾಗುತ್ತಿದೆಯೋ ಯಾರ ಕಣ್ಣಿಗೂ ಬೀಳದು.

ಒಂದು ಬೆಳಿಗ್ಗೆ ಗುಡ್ಡಗಳೆಲ್ಲ ಧೂಳಿನಲ್ಲಿ ಕರಗಿಹೋದಂತಿದ್ದವು. ಕಾಂಕ್ರೀಟ್ ಇಳಿಯುವುದು ನಿಧಾನವಾಯಿತು. ನಾನು ಅವಸರಪಟ್ಟು, "ಪೈಪ್ ಇನ್ನಷ್ಟು ಮ್ಯಾಲೆತ್ರಿ" ಎಂದೆ.

ಫೋರ್‌ಮನ್ ಕೈ ಅಡ್ಡ ಹಿಡಿದರು. "ಎತ್ತುವುದು ಬೇಡ ಮಾರಾಯ್ರೆ. ಮೊದಲು ಅಳೆಯಿರಿ."

ತೂಕ ಕಟ್ಟಿದ ಟೇಪನ್ನು ಇಳಿಬಿಟ್ಟೆ. ಕಾಂಕ್ರೀಟ್ ನಾನೆಣಿಸಿದ್ದಕ್ಕಿಂತ ಬಹಳ ಕೆಳಗಿತ್ತು. ಎತ್ತಿದ್ದರೆ ಪೈಪಿನ ಬಾಯಿ ಅದರಿಂದ ಹೊರಬಂದು, ಗೋಡೆಯ ನಡುವೆ ಕೆಸರಿನ ಪದರವೊಂದು ಕೂತುಬಿಡುತ್ತಿತ್ತು. ಅವರು ಈ ಮಾತನ್ನು ಯಾರೆದುರಿಗೂ ಎತ್ತಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ, "ಅಣ್ಣಾರ, ಇಂಥಾ ಗ್ವಾಡಿ ಎಷ್ಟು ನೋಡೀರಿ?"

"ಕಟ್ಟಿದ್ದು ತುಂಬ. ನೋಡಿದ್ದು ಒಂದೂ ಇಲ್ಲ. ಮಣ್ಣು ಅಗೆಯುವ ಹೊತ್ತಿಗೆ ನಾವು ಬೇರೆ ಸೈಟಲ್ಲಿ ಇರ್ತೇವಲ್ಲ."

ಈ ಸಲವೂ ಹಾಗೇ ಆಯಿತು, ಅವರನ್ನು ದೂರದ ಸೊಹಾರ್‌ನ ಸೈಟಿಗೆ ಕಳಿಸಿದರು. ಕೆಲವು ತಿಂಗಳ ಮೇಲೆ ಇಲ್ಲಿ ನೆಲಮಾಳಿಗೆಗೆ ಮಣ್ಣು ತೆಗೆದು ಗೋಡೆ ತೆರೆದುಕೊಂಡಾಗ ನಾನು ಅವರಿಗೆ ಫೋನ್ ಮಾಡಿದೆ. ಶುಕ್ರವಾರದ ರಜೆಯಲ್ಲಿ ಬಸ್ ಹತ್ತಿ ಬಂದೇಬಿಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು, ಪ್ರಾರ್ಥನೆಗೆಂದು ಇಗರ್ಜಿಗೆ ಹೊರಟವರಂತೆ.

ಮೆಟ್ಟಿಲಿಳಿದು ತಳಕ್ಕೆ ಹೋದೆವು. ಅಲ್ಲಿ ತಂಪಿತ್ತು. ರಸ್ತೆಯ ಸದ್ದು ದೂರದ ಕಡಲಿನಂತೆ ಕೇಳುತ್ತಿತ್ತು. ಗೋಡೆಯ ಮೈತುಂಬ ಉರುಟು ಕಲ್ಲುಗಳು ಒತ್ತಿದ ಗುರುತು. ಅವರು ಅದಕ್ಕೆ ಅಂಗೈ ಊರಿ, ನಿದ್ದೆಯಲ್ಲಿ ನಡೆಯುವವರ ಹಾಗೆ ನಡೆದರು. ನಾನು ಅಂದು ಅವಸರಪಟ್ಟಿದ್ದ ಭಾಗವನ್ನು ತೋರಿಸಿದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಎಲ್ಲೂ ಟೊಳ್ಳಿರಲಿಲ್ಲ.

ಕತ್ತೆತ್ತಿ ಗೋಡೆಯ ತುದಿಯವರೆಗೆ ನೋಡಿದರು. "ಇಷ್ಟು ಆಳ ಅಂತ ಗೊತ್ತಿತ್ತು," ಎಂದರು. "ಇಷ್ಟು ಎತ್ತರ ಅಂತ ಗೊತ್ತಿರಲಿಲ್ಲ."

ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತವರು ಹಾಗೇ ನಿದ್ದೆಹೋದರು. ಬಸ್ಸಿಗೆ ಹೊತ್ತಾಗುವವರೆಗೂ ನಾನು ಎಬ್ಬಿಸಲಿಲ್ಲ.