ನಾಗಮ್ಮ ಕೂಡಿಸದ ಹೆಸರು

ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದ ಹೆಂಗಸರಿಗೆ ಇಂಗ್ಲಿಷ್ ಓದಲು ಕಲಿಸುತ್ತಿದ್ದೆ. ಲೇಬಲ್ ಓದಲು ಬಂದವರಿಗೆ ಚೆಕಿಂಗ್ ಕೆಲಸ ಸಿಗುತ್ತಿತ್ತು. ನನ್ನ ಪಾಠ ಇಷ್ಟೇ: ಅಕ್ಷರದ ಹೆಸರು ಬೇಡ, ಸದ್ದು ಹೇಳಿ, ಆಮೇಲೆ ಸದ್ದುಗಳನ್ನು ಕೂಡಿಸಿ.

ಪರೀಕ್ಷೆಯ ದಿನ, ಸುಲಭವಾಗಲಿ ಎಂದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಗೋಪಿ’ ಎಂದು ಬರೆದೆ. ಉದ್ದನಪಲ್ಲಿಯ ನಾಗಮ್ಮ ಎದ್ದು ನಿಂತಳು.

“ಗ್... ಓ... ಪ್... ಇ...”

ಒಂದೂ ತಪ್ಪಿರಲಿಲ್ಲ.

“ಈಗ ಕೂಡಿಸಮ್ಮ.”

ಮತ್ತೆ ಅದೇ ನಾಲ್ಕು ಸದ್ದು. ಮೂರು ಸಲ ಕೇಳಿದೆ, ಕೊನೆಯ ಸಲ ದನಿ ಏರಿಸಿಯೇ ಕೇಳಿದೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೆಲ ನೋಡಿದಳು. ಇಷ್ಟೆಲ್ಲ ಕಲಿತು ಇಲ್ಲಿ ಮುಗ್ಗರಿಸಿದಳಲ್ಲ ಎಂದು ನನಗೇ ಸಂಕಟವಾಯಿತು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಓದಲು ಬಾರದು’ ಎಂದು ಬರೆದೆ.

ಪಕ್ಕದಲ್ಲಿದ್ದ ಮುನಿರತ್ನ ತಡೆಯಲಾರದೆ ನಕ್ಕಳು. “ಅದು ಅವಳ್ ಗಂಡನ್ ಹೆಸ್ರು ಟೀಚರೇ! ಬಾಯ್ಬಿಟ್ಟು ಹೆಂಗ್ ಹೇಳ್ತಾಳೆ?”

ನಾಗಮ್ಮ ಮೆಲ್ಲಗೆ ಅಂದಳು: “ಬಿಡಿಬಿಡಿಯಾಗಿ ಎಲ್ಲಾ ಹೇಳಿವ್ನಲ್ಲ ಟೀಚರೇ. ಕೂಡ್ಸೋದು ನೀವೇ ಕೂಡಿಸ್ಕಳಿ.”

ಬರೆದದ್ದನ್ನು ಹೊಡೆದುಹಾಕಿ ಪಾಸು ಮಾಡಿದೆ. ಓದಲು ಬಾರದವಳಿಗೆ ಅಷ್ಟೊಂದು ನಾಚಿಕೆ ಎಲ್ಲಿಂದ ಬರಬೇಕು?